ಖಾಲಿ ಕಾಟಿನ ಬಾಡಿಗೆ

ಪುಣೆಯ ಸದಾಶಿವ ಪೇಠೆಯಲ್ಲಿ, ಕರ್ವೆ ರಸ್ತೆಯಲ್ಲಿ, ಕರ್ವೆನಗರದ ಗಲ್ಲಿಗಳಲ್ಲಿ ಓಡಾಡಿದವರಿಗೆ ಒಂದು ಮಾತು ಪರಿಚಯವಿರುತ್ತದೆ: ‘ಕಾಟ್ ಬೇಸಿಸ್’. ಲೈಟು ಕಂಬಗಳ ಮೇಲೆ, ಜೆರಾಕ್ಸ್ ಅಂಗಡಿಯ ಗಾಜಿನ ಮೇಲೆ, ಮೆಸ್ಸಿನ ಬಾಗಿಲ ಪಕ್ಕದಲ್ಲಿ ಅಂಟಿಸಿದ ಚೀಟಿಗಳಲ್ಲಿ ಈ ಮಾತು ಇದ್ದೇ ಇರುತ್ತದೆ. ಬಾಡಿಗೆಗೆ ಸಿಗುವುದು ಮನೆಯಲ್ಲ, ಕೋಣೆಯೂ ಅಲ್ಲ, ಒಂದು ಮಂಚ. ಮೂರಡಿ ಅಗಲ, ಆರಡಿ ಉದ್ದ. ಅದರ ಕೆಳಗೆ ಟ್ರಂಕು, ತಲೆದೆಸೆಯಲ್ಲಿ ಒಂದು ಪ್ಲಗ್ ಪಾಯಿಂಟು, ಗೋಡೆಗೆ ಒಂದು ಮೊಳೆ. ಎಂಪಿಎಸ್‌ಸಿ ಪರೀಕ್ಷೆಗೆ ಓದುವವರು, ಎಂ.ಎ. ಮಾಡುವವರು, ಮೊದಲ ಕೆಲಸಕ್ಕೆ ಸೇರಿದವರು ಹೀಗೆ ಮಂಚದ ಲೆಕ್ಕದಲ್ಲೇ ವರ್ಷಗಟ್ಟಲೆ ಕಳೆಯುತ್ತಾರೆ.

ನಾಲ್ಕೈದು ಜನ ಸೇರಿ ಇಡೀ ಮನೆಯನ್ನೇ ಹಿಡಿದಾಗಲೂ ಲೆಕ್ಕ ಮಂಚದ್ದೇ. ವ್ಯತ್ಯಾಸ ಒಂದೇ. ಮಾಲೀಕರು ಮಂಚಗಳನ್ನು ಬಾಡಿಗೆಗೆ ಕೊಟ್ಟಾಗ ಒಂದು ಖಾಲಿಯಾದರೆ ನಷ್ಟ ಅವರದು. ವಿದ್ಯಾರ್ಥಿಗಳೇ ಮನೆ ಹಿಡಿದಾಗ ಖಾಲಿ ಮಂಚದ ಬಾಡಿಗೆ ಉಳಿದವರ ತಲೆಯ ಮೇಲೆ ಬರುತ್ತದೆ. ಆ ಮಂಚಕ್ಕೆ ಜನ ಹುಡುಕುವ ಕೆಲಸವೂ ಅವರದೇ. ಹುಡುಕುವ ಆ ಹದಿನೈದು ಇಪ್ಪತ್ತು ದಿನ ಬಾಡಿಗೆದಾರರು ಅರ್ಧ ಮಾಲೀಕರಾಗುತ್ತಾರೆ. ತಮ್ಮನ್ನು ಊರೆಲ್ಲ ಕೇಳಿದ ಪ್ರಶ್ನೆಗಳನ್ನು ತಾವೇ ಇನ್ನೊಬ್ಬರಿಗೆ ಕೇಳುವ ಸರದಿ ಬರುತ್ತದೆ.

2014ರ ಡಿಸೆಂಬರಿನಲ್ಲಿ ಕರ್ವೆನಗರದ ಒಂದು ಬೆಡ್‌ರೂಮಿನ ಮನೆಯಲ್ಲಿ ಮೂವರು ಹುಡುಗಿಯರಿದ್ದರು. ಇಂಥ ಮನೆಗಳಲ್ಲಿ ಹೆಸರಿಗಿಂತ ಊರೇ ಹೆಚ್ಚು ಬಳಕೆಯಾಗುತ್ತದೆ. ಒಬ್ಬಳು ಸಾತಾರಾದವಳು, ಒಬ್ಬಳು ನಾಶಿಕದವಳು, ಇನ್ನೊಬ್ಬಳು ಹಾಸನದವಳು. ಹಾಸನದವಳು ಎಂ.ಎ. ಎರಡನೆಯ ವರ್ಷದಲ್ಲಿದ್ದಳು. ಬಾಡಿಗೆ ಕರಾರು ಇದ್ದದ್ದು ಅವಳ ಹೆಸರಿನಲ್ಲಿ. ಡಿಸೆಂಬರ್ 12ರ ರಾತ್ರಿ ಸಾತಾರಾದವಳು ಊಟದ ತಟ್ಟೆ ತೊಳೆಯುತ್ತಾ, ನಾಗಪುರದಲ್ಲಿ ಕೆಲಸ ಸಿಕ್ಕಿದೆ, 31ಕ್ಕೆ ಹೊರಡುತ್ತೇನೆ ಎಂದಳು. ಮೂವರೂ ಖುಷಿಪಟ್ಟರು. ಆಮೇಲೆ ಇಬ್ಬರು ಲೆಕ್ಕ ಹಾಕಲು ಕೂತರು.

ತಿಂಗಳ ಬಾಡಿಗೆ 12,000, ತಲೆಗೆ 4,000. ಹಾಸನದವಳಿಗೆ ಮನೆಯಿಂದ ಬರುತ್ತಿದ್ದದ್ದು 9,000. ಬಾಡಿಗೆ ಕಳೆದು, ಮೆಸ್ಸಿಗೆ 2,200, ಕರೆಂಟು, ಗ್ಯಾಸು, ಇಂಟರ್ನೆಟ್ಟಿಗೆ 500, ಬಸ್ಸು ಮತ್ತು ಫೋನಿಗೆ 700 ತೆಗೆದರೆ ಉಳಿಯುವುದು 1,600. ಮೂರನೆಯವಳಿಲ್ಲದಿದ್ದರೆ ಬಾಡಿಗೆ ತಲೆಗೆ 6,000 ಆಗುತ್ತದೆ, ಅಂದರೆ ತಿಂಗಳಿಗೆ 400 ಸಾಲ. ಜೆರಾಕ್ಸು, ಸೋಪು, ಊರಿನ ಬಸ್ಸಿನ ಟಿಕೆಟ್ಟು ಈ ಲೆಕ್ಕದೊಳಗೆ ಇನ್ನೂ ಬಂದಿಲ್ಲ.

ಡಿಪಾಸಿಟ್ಟಿನ ವಿಷಯ ಬೇರೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಕೇಳುವ ರೂಢಿ ಕಂಡವರಿಗೆ ಪುಣೆಯ ಎರಡು ಮೂರು ತಿಂಗಳ ಡಿಪಾಸಿಟ್ ಹಗುರ ಅನ್ನಿಸುತ್ತದೆ. ಈ ಮನೆಗೆ ಕೊಟ್ಟಿದ್ದು 30,000, ತಲೆಗೆ 10,000. ಆದರೆ ಮಾಲೀಕರ ಕೈಗೆ ಹೋದ ಆ ಹಣ ಮನೆ ಪೂರ್ತಿ ಖಾಲಿ ಮಾಡುವವರೆಗೂ ವಾಪಸ್ ಬರುವುದಿಲ್ಲ. ನಡುವೆ ಯಾರು ಹೋದರೂ ಯಾರು ಬಂದರೂ ಮಾಲೀಕರ ಹತ್ತಿರವಿರುವ ಮೊತ್ತ ಕದಲುವುದಿಲ್ಲ. ಬರುವವಳು ತನ್ನ ಹತ್ತು ಸಾವಿರವನ್ನು ಹೋಗುವವಳ ಕೈಗೇ ಕೊಡುತ್ತಾಳೆ. ಹೀಗೆ ಒಂದೇ ಮಂಚದ ಮೇಲೆ ಮೂರು ನಾಲ್ಕು ಜನರ ಹಣ ಕೈಯಿಂದ ಕೈಗೆ ದಾಟುತ್ತದೆ, ಯಾವ ರಸೀದಿಯೂ ಇಲ್ಲದೆ. ಕೊನೆಗೆ ಬೀಗದ ಕೈ ಹಿಂದಿರುಗಿಸುವವರ ಹತ್ತಿರ ಮಾಲೀಕರು ಬಣ್ಣದ ಖರ್ಚು, ಒಡೆದ ನಲ್ಲಿ, ಗೋಡೆಯ ಮೊಳೆ ಎಂದು ಹಿಡಿದುಕೊಳ್ಳುತ್ತಾರೆ. ಎರಡು ವರ್ಷದ ಹಿಂದೆ ಇದ್ದವಳು ಹೊಡೆದ ಮೊಳೆಗೆ ಇವತ್ತು ಇರುವವಳು ದುಡ್ಡು ಕಟ್ಟುತ್ತಾಳೆ.

ಹಾಗಾಗಿ ಹೊಸಬಳು ಸಿಗದಿದ್ದರೆ ಸಾತಾರಾದವಳಿಗೆ ಅವಳ 10,000 ಕೊಡಬೇಕಾದವರು ಉಳಿದಿಬ್ಬರು. ಕೊಡುವುದಿಲ್ಲ ಅನ್ನುವ ಹಾಗಿರಲಿಲ್ಲ. ನಾಗಪುರದಲ್ಲಿ ಅವಳೂ ಯಾರಿಗೋ ಡಿಪಾಸಿಟ್ ಕಟ್ಟಬೇಕಿತ್ತು, ಮೊದಲ ಸಂಬಳ ಬರುವುದು ಜನವರಿಯ ಕೊನೆಗೆ. ಜನವರಿ 5ಕ್ಕೆ ಬಾಡಿಗೆ ಕಟ್ಟಬೇಕು. ಅಷ್ಟರೊಳಗೆ ಜನ ಸಿಗಬೇಕು.

ಡಿಸೆಂಬರಿನಲ್ಲಿ ಜನ ಸಿಗುವುದು ಕಷ್ಟ. ಪುಣೆಯ ಮಂಚಗಳಿಗೆ ಒಂದು ಸುಗ್ಗಿಯಿದೆ. ಕಾಲೇಜುಗಳ ಪ್ರವೇಶ ನಡೆಯುವ ಜೂನ್, ಜುಲೈ ತಿಂಗಳಲ್ಲಿ ಚೀಟಿ ಅಂಟಿಸಿದ ಸಂಜೆಯೇ ಫೋನು ಬರುತ್ತದೆ, ಬ್ರೋಕರುಗಳಿಗೆ ಪುರುಸೊತ್ತಿರುವುದಿಲ್ಲ. ಬಂದವರೆಲ್ಲ ಎಲ್ಲೋ ಒಂದು ಕಡೆ ನೆಲೆ ಕಂಡ ಮೇಲೆ ನಡುವರ್ಷದಲ್ಲಿ ಜಾಗ ಹುಡುಕುವವರು ಎರಡೇ ಬಗೆ. ಇದ್ದ ಕಡೆ ಜಗಳವಾದವರು, ಇಲ್ಲವೇ ಎಲ್ಲೂ ಜಾಗ ಸಿಗದೆ ಅಲೆಯುತ್ತಿರುವವರು. ಬ್ರೋಕರನನ್ನು ಹಿಡಿದರೆ ಒಂದು ತಿಂಗಳ ಬಾಡಿಗೆಯಷ್ಟು ಕಮಿಷನ್ ಕೇಳುತ್ತಾನೆ. ಅದನ್ನು ಹೊಸಬಳೇ ಕೊಡಬೇಕು, ಅಷ್ಟು ಕೊಡುವವಳು ಈ ಮನೆಗೇ ಯಾಕೆ ಬರುತ್ತಾಳೆ? ಆದ್ದರಿಂದ ಚೀಟಿ, ವಾಟ್ಸಾಪ್, ಮೆಸ್ಸಿನ ಮಾವಶಿಯ ಬಾಯಿಮಾತು, ಇಷ್ಟೇ ದಾರಿ.

ಚೀಟಿ ಬರೆಯುವಾಗಲೇ ಮೊದಲ ತೊಡಕು. ‘ಹುಡುಗಿಯರಿಗೆ ಮಾತ್ರ’ ಸರಿ. ಬಾಡಿಗೆ, ಡಿಪಾಸಿಟ್, ಫೋನ್ ನಂಬರು ಸರಿ. ಮೇಲಿನ ಮಹಡಿಯಲ್ಲಿದ್ದ ಮಾಲೀಕಿತಿ ಇನ್ನೂ ಎರಡು ಸಾಲು ಸೇರಿಸಲು ಹೇಳಿದರು: ‘ಶಾಕಾಹಾರಿ’, ‘ಒಳ್ಳೆಯ ಮನೆತನದ’. ಅವರನ್ನು ಮೂವರೂ ಕಾಕೂ ಎಂದು ಕರೆಯುತ್ತಿದ್ದರು. ಮರಾಠಿಯಲ್ಲಿ ಚಿಕ್ಕಮ್ಮನಿಗೆ ಕಾಕೂ. ಬೆಳಗಾವಿ ಧಾರವಾಡದ ಕನ್ನಡದಲ್ಲೂ ಅದೇ ಮಾತು. ಹಾಸನದವಳಿಗೆ ಮಾತ್ರ ಅದು ಹೊಸದು, ಆದರೂ ಬೇಗ ನಾಲಿಗೆಗೆ ಹತ್ತಿತ್ತು. ಕಾಕೂ ಕೆಟ್ಟವರಲ್ಲ. ಜ್ವರ ಬಂದಾಗ ಅಕ್ಕಿ ಗಂಜಿ ಕಳಿಸುತ್ತಿದ್ದರು, ಸಂಕ್ರಾಂತಿಗೆ ಎಳ್ಳುಂಡೆ ಕೊಡುತ್ತಿದ್ದರು. ಈ ಎರಡು ಸಾಲಿನ ಅರ್ಥವೇನೆಂದು ಕೇಳಿದರೆ ಅವರು ‘ನಿಮ್ಮಂಥವರೇ ಆಗಿರಲಿ, ಅಷ್ಟೇ’ ಎಂದರು.

ಹಾಸನದವಳು ಎಂಥವಳು ಎಂಬುದು ಪುಣೆಗೆ ಅಷ್ಟು ಸುಲಭಕ್ಕೆ ತಿಳಿದಿರಲಿಲ್ಲ. ಅವಳಿಗೆ ಆಡನಾವ ಇರಲಿಲ್ಲ. ಹೆಸರಿನ ಮುಂದೆ ಊರಿನ ಒಂದಕ್ಷರ, ತಂದೆಯ ಒಂದಕ್ಷರ, ಹಳೆ ಮೈಸೂರು ಕಡೆಯವರ ಹಾಗೆ. ಮೊದಲ ವರ್ಷ ಮನೆ ಹುಡುಕುವಾಗ ಪ್ರತಿ ಬ್ರೋಕರನೂ ‘ಆಡನಾವ್ ಕಾಯ್?’ ಎಂದು ಕೇಳಿದ್ದ. ಇಲ್ಲವೆಂದರೆ ನಂಬುತ್ತಿರಲಿಲ್ಲ. ಮಹಾರಾಷ್ಟ್ರದ ಅರ್ಜಿಗಳಲ್ಲಿ ತನ್ನ ಹೆಸರು, ತಂದೆಯ ಹೆಸರು, ಆಡನಾವ ಎಂದು ಮೂರು ಖಾನೆ. ಮೂರನೆಯದರಲ್ಲಿ ಅವಳು ತಂದೆಯ ಹೆಸರನ್ನೇ ಮತ್ತೆ ಬರೆಯುತ್ತಿದ್ದಳು. ಆಡನಾವದಿಂದ ಜಾತಿ ತಿಳಿಯದಾದಾಗ ಎರಡನೆಯ ಪ್ರಶ್ನೆ ಬರುತ್ತಿತ್ತು: ಮನೆಯಲ್ಲಿ ನಾನ್‌ವೆಜ್ ಮಾಡುತ್ತೀರಾ? ಮೂರನೆಯದು: ಅಪ್ಪ ಏನು ಮಾಡುತ್ತಾರೆ? ಕೇಳುವವನಿಗೆ ಬೇಕಾದದ್ದು ಒಂದೇ ಉತ್ತರ. ಅದನ್ನು ನೇರ ಕೇಳಲು ನಾಚಿಕೆ, ಕೇಳದೆ ಬಿಡಲು ಭಯ. ‘ಡೀಸೆಂಟ್’, ‘ಫ್ಯಾಮಿಲಿ ಟೈಪ್’, ‘ವೆಜ್ ಓನ್ಲಿ’ ಎಲ್ಲ ಆ ನಾಚಿಕೆ ಮತ್ತು ಭಯದ ನಡುವೆ ಹುಟ್ಟಿದ ಮಾತುಗಳು.

ಕೊನೆಗೆ ಚೀಟಿಯಲ್ಲಿ ‘ಮನೆಯಲ್ಲಿ ಅಡುಗೆ ಶಾಕಾಹಾರಿ’ ಎಂದಷ್ಟೇ ಬರೆದರು. ‘ಒಳ್ಳೆಯ ಮನೆತನ’ ಬಿಟ್ಟರು. ಅಮೃತತುಲ್ಯ ಚಹಾ ಅಂಗಡಿ, ಎರಡು ಜೆರಾಕ್ಸ್ ಅಂಗಡಿ, ಮೂರು ಮೆಸ್ಸು ಸೇರಿ ಹನ್ನೊಂದು ಕಡೆ ಅಂಟಿಸಿದರು.

ಮೊದಲು ಬಂದವಳು ಸೋಲಾಪುರದವಳು, ತಂದೆಯ ಜೊತೆ. ತಂದೆ ಬಚ್ಚಲಿನ ಚಿಲಕ ಹಾಕಿ ತೆಗೆದು ನೋಡಿದರು, ಗಲ್ಲಿಯ ದೀಪ ರಾತ್ರಿ ಉರಿಯುತ್ತದೆಯೇ ಎಂದು ಕೇಳಿದರು, ಇಬ್ಬರ ಊರು, ಆಡನಾವ ವಿಚಾರಿಸಿದರು. ಮಗಳು ಒಂದು ಮಾತೂ ಆಡಲಿಲ್ಲ. ‘ತಿಳಿಸುತ್ತೇವೆ’ ಎಂದು ಹೋದವರು ತಿಳಿಸಲಿಲ್ಲ. ಎರಡನೆಯವಳು ಹಿಂಜವಾಡಿಯ ಐಟಿ ಕಂಪನಿಯವಳು. ಅಂದೇ ಪೂರ್ತಿ ಹಣ ಕೊಡಲು ಸಿದ್ಧಳಿದ್ದಳು, ಆದರೆ ಕ್ಯಾಬು ಅವಳನ್ನು ಬಿಡುವುದು ರಾತ್ರಿ ಎರಡೂವರೆಗೆ. ಗೇಟಿಗೆ ಹನ್ನೊಂದಕ್ಕೆ ಬೀಗ. ಅವಳೇ ನಕ್ಕು, ‘ಆಗಲ್ಲ ಬಿಡಿ’ ಎಂದು ಎದ್ದಳು. ಮೂರನೆಯವಳಿಗೆ ಅಟ್ಯಾಚ್ಡ್ ಬಾತ್‌ರೂಮು ಬೇಕಿತ್ತು.

21ನೇ ತಾರೀಖು ಭಾನುವಾರ ಬೆಳಿಗ್ಗೆ ಬಂದ ಫೋನು ಕನ್ನಡದಲ್ಲಿತ್ತು. ಚೀಟಿಯ ಕೊನೆಯಲ್ಲಿ ಹಾಸನದವಳ ಹೆಸರು ನೋಡಿ ಕನ್ನಡದವಳೇ ಇರಬೇಕೆಂದು ಊಹಿಸಿದ್ದಳಂತೆ. ಬೀದರಿನವಳು, ಫಾರ್ಮಸಿ ಓದುತ್ತಿದ್ದಳು. ಹೆಸರು ಹೇಳಿ, ಉಸಿರು ತೆಗೆದುಕೊಳ್ಳದೆ ಮುಂದುವರಿಸಿದಳು: ‘ಅಕ್ಕಾ, ಮೊದ್ಲೇ ಹೇಳಿಬಿಡ್ತೀನ್ರಿ, ನಾ ಮುಸ್ಲಿಂ ಇದೀನಿ. ನಡೀತದಂದ್ರ ಬಂದು ನೋಡ್ತೀನಿ. ಇಲ್ಲಂದ್ರ ಸುಮ್ನ ಬಸ್ಸಿನ ರೊಕ್ಕ ಯಾಕ?’

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಬಾಡಿಗೆ, ಡಿಪಾಸಿಟ್, ನೀರು ಎಷ್ಟು ಹೊತ್ತು ಬರುತ್ತದೆ ಎಂದು ಕೇಳುವ ಹಾಗೆಯೇ ಅವಳು ಅದನ್ನೂ ಕೇಳಿದಳು. ಎಷ್ಟು ಕಡೆ ಹೋಗಿ ಬಂದ ಮೇಲೆ ಈ ವಾಕ್ಯ ಇಷ್ಟು ಸಪಾಟಾಗಿ ಬಾಯಿಗೆ ಬರುತ್ತದೆ ಎಂಬುದನ್ನು ಕೇಳಬೇಕಾಗಿರಲಿಲ್ಲ. ಹಾಸನದವಳು, ‘ಇವತ್ತೇ ಬನ್ನಿ’ ಎಂದಳು.

ಸಂಜೆ ಬಂದಳು. ಮಂಚ ನೋಡಿದಳು, ಕಿಟಕಿ ತೆಗೆದು ನೋಡಿದಳು. ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ, ರಾತ್ರಿ ಲೈಟು ಹಾಕಿ ಓದಿದರೆ ತೊಂದರೆಯೇ, ಪಾತ್ರೆಯ ಸರದಿ ಹೇಗೆ ಎಂದು ಕೇಳಿದಳು. ಅಷ್ಟು ದಿನಗಳಲ್ಲಿ ಜೊತೆಗಿರುವುದಕ್ಕೆ ನಿಜವಾಗಿ ಬೇಕಾದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಮೊಟ್ಟೆ, ಮಾಂಸ ಮನೆಗೆ ತರುವುದಿಲ್ಲ, ತಿನ್ನಬೇಕೆನಿಸಿದರೆ ಹೊರಗೆ ತಿನ್ನುತ್ತೇನೆ ಎಂದು ಕೇಳದೆಯೇ ಹೇಳಿದಳು. ಹತ್ತು ಸಾವಿರವನ್ನು ಒಂದೇ ಸಲ ಕೊಡುವುದಾಗಿಯೂ ಹೇಳಿದಳು. ನಾಶಿಕದವಳಿಗೂ ಅವಳು ಹಿಡಿಸಿದಳು. ಆದರೆ ಅವಳು ಹೋದ ಮೇಲೆ ನಾಶಿಕದವಳು, ‘ನನಗೇನೂ ಇಲ್ಲ, ಆದರೆ ಕಾಕೂ ಏನಂತಾರೋ’ ಎಂದಳು.

ಆ ರಾತ್ರಿಯೇ ಹಾಸನದವಳು ಮಹಡಿ ಹತ್ತಿ ಕಾಕೂವನ್ನು ಕೇಳಿದಳು. ಮುಂದಿನ ಎಂಟು ದಿನ ನಡೆದದ್ದು ಇಷ್ಟು. ಕಾಕೂ, ‘ನನಗೇನಮ್ಮಾ, ಇವರನ್ನು ಒಂದು ಮಾತು ಕೇಳಬೇಕು’ ಎಂದರು. ಇವರು ಊರಿಗೆ ಹೋಗಿದ್ದರು, 24ಕ್ಕೆ ಬಂದರು. ಬಂದವರು, ‘ನಮ್ಮದೇನೂ ಅಭ್ಯಂತರವಿಲ್ಲ, ಆದರೆ ಕೆಳಗಿನ ಫ್ಲ್ಯಾಟ್ ಮಗನ ಹೆಸರಿನಲ್ಲಿದೆ’ ಎಂದರು. ಮಗ ಗುರುಗ್ರಾಮದಲ್ಲಿ. 26ಕ್ಕೆ ಫೋನಿಗೆ ಸಿಕ್ಕಿದ. ಅವನು ಬಲು ಸಭ್ಯವಾಗಿ, ತಾನು ಇಂಥದ್ದನ್ನೆಲ್ಲ ನಂಬುವವನಲ್ಲ, ಸೊಸೈಟಿಯವರು ತಕರಾರು ಮಾಡುತ್ತಾರೇನೋ, ಸೆಕ್ರೆಟರಿಯನ್ನು ಕೇಳಿ ಎಂದ. 28ರ ಭಾನುವಾರ ಸೆಕ್ರೆಟರಿ ಸಿಕ್ಕರು. ಬಾಡಿಗೆಗೆ ಕೊಟ್ಟ ಫ್ಲ್ಯಾಟಿನಿಂದ ಸೊಸೈಟಿ ನಾನ್-ಆಕ್ಯುಪೆನ್ಸಿ ಶುಲ್ಕ ತೆಗೆದುಕೊಳ್ಳುತ್ತದೆ. ಸೇವಾ ಶುಲ್ಕದ ಶೇಕಡ 10ಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದೆಂದು ಮಹಾರಾಷ್ಟ್ರ ಸರ್ಕಾರ 2001ರಲ್ಲೇ ಹೇಳಿದೆ. ಸೆಕ್ರೆಟರಿಯ ಕಾಳಜಿ ಅಷ್ಟಕ್ಕೇ ಸೀಮಿತ. ‘ಪೊಲೀಸ್ ವೆರಿಫಿಕೇಶನ್ ಫಾರಂ ಕೊಡಿ. ಯಾರನ್ನು ಇಟ್ಟುಕೊಳ್ಳಬೇಕು ಅನ್ನೋದು ಓನರಿಗೆ ಬಿಟ್ಟದ್ದು’ ಎಂದರು.

ಓನರ್ ಎಂದರೆ ಮತ್ತೆ ಕಾಕೂ. ಪ್ರಶ್ನೆ ಹೊರಟ ಬಾಗಿಲಿಗೇ ತಿರುಗಿ ಬಂದಿತ್ತು. ಯಾರೂ ಬೇಡ ಎಂದಿರಲಿಲ್ಲ.

ಕನ್ನಡದಲ್ಲಿ ‘ಅಂತೆ’ ಎಂಬ ಒಂದು ಪುಟ್ಟ ಮಾತಿದೆ. ವಾಕ್ಯದ ಕೊನೆಗೆ ಅದನ್ನು ಸೇರಿಸಿದರೆ ಸಾಕು, ಹೇಳಿದ ಮಾತಿನ ಹೊಣೆ ಹೇಳಿದವರದ್ದಲ್ಲ. ಮಳೆ ಬಂತಂತೆ, ಅವರಿಗೆ ಆಗುವುದಿಲ್ಲವಂತೆ. ಮರಾಠಿಯಲ್ಲಿ ಇದೇ ಕೆಲಸವನ್ನು ‘ಮ್ಹಣೇ’ ಮಾಡುತ್ತದೆ, ದಖನಿಯಲ್ಲಿ ‘ಕತೆ’. ದಖ್ಖನ್ನಿನ ಈ ಮೂರು ಭಾಷೆಗಳೂ ಕೇಳಿದ ಸುದ್ದಿಗೆ ಪ್ರತ್ಯೇಕ ಗುರುತು ಇಟ್ಟುಕೊಂಡಿವೆ, ಕಂಡದ್ದು ಯಾವುದು ಕೇಳಿದ್ದು ಯಾವುದು ಎಂದು ಪ್ರಾಮಾಣಿಕವಾಗಿ ತಿಳಿಸಲು. ಆದರೆ ಬಾಡಿಗೆ ಮನೆಯ ಮಾತಿನಲ್ಲಿ ಅದು ಬೇರೆಯದೇ ಕೆಲಸಕ್ಕೆ ಒದಗುತ್ತದೆ. ರೂಮ್‌ಮೇಟಿಗೆ ಅಭ್ಯಂತರವಿಲ್ಲ, ಕಾಕೂಗೆ ಇದೆಯಂತೆ. ಕಾಕೂಗೆ ಇಲ್ಲ, ಯಜಮಾನರಿಗೆ ಇದೆಯಂತೆ. ಅವರಿಗಿಲ್ಲ, ಸೊಸೈಟಿಗೆ ಇದೆಯಂತೆ. ಕೊನೆಯವರೆಗೂ ಹೋಗಿ ನೋಡಿದರೆ ಅಲ್ಲಿ ಯಾರೂ ಇರುವುದಿಲ್ಲ. ನಿರಾಕರಣೆ ಮಾತ್ರ ಇರುತ್ತದೆ.

ಕಾನೂನು ಇಲ್ಲಿ ಹೆಚ್ಚು ನೆರವಾಗುವುದಿಲ್ಲ. ಸಂವಿಧಾನದ 15ನೇ ವಿಧಿ ಧರ್ಮ, ಜಾತಿಯ ಆಧಾರದ ತಾರತಮ್ಯವನ್ನು ಮೊದಲಿಗೆ ನಿಷೇಧಿಸುವುದು ಸರ್ಕಾರಕ್ಕೆ. ಅಂಗಡಿ, ಹೋಟೆಲು, ಬಾವಿ, ರಸ್ತೆಗಳ ಪ್ರಸ್ತಾಪವೂ ಅಲ್ಲಿದೆ, ಖಾಸಗಿ ಬಾಡಿಗೆ ಮನೆಯದಿಲ್ಲ. ಒಂದು ಸಮುದಾಯದ ಸಹಕಾರಿ ಗೃಹ ಸಂಘ ತನ್ನ ಸದಸ್ಯತ್ವವನ್ನು ಆ ಸಮುದಾಯದವರಿಗಷ್ಟೇ ಸೀಮಿತಗೊಳಿಸಬಹುದೆಂದು 2005ರಲ್ಲಿ ಗುಜರಾತಿನ ಪಾರ್ಸಿ ಸಂಘವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಸುತ್ತಮುತ್ತಲಿನ ನಗರಗಳಲ್ಲಿ ಬೇರೆ ಬೇರೆ ಸಮುದಾಯದ ಹೆಸರಿನವರಿಂದ ಬಾಡಿಗೆ ಮನೆ ಕೇಳಿಸಿ ನೋಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ದಲಿತರಿಗೂ ಮುಸ್ಲಿಮರಿಗೂ ಮನೆ ತಪ್ಪುವುದು ಅದರಲ್ಲಿ ಕಂಡಿತು, ಮುಸ್ಲಿಮರಿಗೆ ಇನ್ನೂ ಹೆಚ್ಚು. ಅಂಥ ಅಧ್ಯಯನ ಒಪ್ಪಿದವರನ್ನೂ ಒಪ್ಪದವರನ್ನೂ ಎಣಿಸಬಹುದು. ಎಂಟು ದಿನ ಕಾಯಿಸಿದ್ದನ್ನು ಯಾವ ಖಾನೆಯಲ್ಲಿ ಬರೆಯುವುದು?

29ರಂದು ಹಾಸನದವಳು ಫೋನು ಮಾಡಿ, ಇನ್ನೊಂದು ದಿನ ಕೊಡಿ, ಕಾಕೂ ಹತ್ತಿರ ಮತ್ತೆ ಮಾತಾಡುತ್ತೇನೆ ಎಂದಳು. ಬೀದರಿನವಳಿಗೆ ಅಷ್ಟರಲ್ಲಿ ಕ್ಯಾಂಪಿನ ಕಡೆ ಒಂದು ಹಾಸ್ಟೆಲಿನಲ್ಲಿ ಮಂಚ ಸಿಕ್ಕಿತ್ತು. ಕೋಣೆಯಲ್ಲಿ ಆರು ಜನ, ಕಾಲೇಜಿಗೆ ಎರಡು ಬಸ್ಸು. ‘ಇರಲಿ ಬಿಡ್ರಿ ಅಕ್ಕಾ, ಒಂದ್ ವಾರ ಆದ್ಮ್ಯಾಗ ನನಗ ಗೊತ್ತಾಗ್ತದ’ ಎಂದಳು. ಮುಂದೆ ಮಾತಾಡಲು ಏನೂ ಉಳಿದಿರಲಿಲ್ಲ. ಓದು ಹೇಗೆ ನಡೆದಿದೆ ಎಂದು ಅವಳೇ ಕೇಳಿದಳು.

ಜನವರಿಯ ಬಾಡಿಗೆಯನ್ನು ಇಬ್ಬರೇ ಕಟ್ಟಿದರು, ಆರಾರು ಸಾವಿರ. ಸಾತಾರಾದವಳ ಹತ್ತು ಸಾವಿರದಲ್ಲಿ ತನ್ನ ಪಾಲಿನ ಐದನ್ನು ಹಾಸನದವಳು ತರಗತಿಯ ಗೆಳತಿಯೊಬ್ಬಳಿಂದ ಸಾಲ ತಂದಳು. ಅದನ್ನು ತೀರಿಸಲು ಎರಡು ತಿಂಗಳು ಸಂಜೆ ಹೊತ್ತು ಇಬ್ಬರು ಶಾಲಾ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳಿದಳು. ಖಾಲಿ ಮಂಚದ ಮೇಲೆ ಒಣಗಿದ ಬಟ್ಟೆಗಳ ರಾಶಿ ಬೆಳೆಯಿತು.

ಫೆಬ್ರವರಿ ಒಂದಕ್ಕೆ ಮೆಸ್ಸಿನ ಮಾವಶಿಯ ಮೂಲಕ ಜಳಗಾಂವದವಳೊಬ್ಬಳು ಬಂದಳು. ಒಳ್ಳೆಯ ಹುಡುಗಿ, ಕಡೆಯವರೆಗೂ ಚೆನ್ನಾಗಿಯೇ ಇದ್ದಳು. ಅವಳನ್ನು ಮಹಡಿಗೆ ಕರೆದೊಯ್ದಾಗ ಕಾಕೂ ಆಡನಾವ ಕೇಳಿದರು, ಕೇಳಿ ನಕ್ಕರು, ಚಹಾ ಕೊಟ್ಟರು. ಯಜಮಾನರನ್ನು ಕೇಳಬೇಕೆನ್ನಲಿಲ್ಲ. ಮಗನಿಗೆ ಫೋನು ಹೋಗಲಿಲ್ಲ. ಸೆಕ್ರೆಟರಿಗೆ ಗೊತ್ತಾದದ್ದು ವಾರದ ಮೇಲೆ. ಎಂಟು ದಿನದ ದಾರಿ ಚಹಾ ಆರುವುದರೊಳಗೆ ಮುಗಿದಿತ್ತು.

ಮನೆ ಯಾರದೋ ಅವರಿಗೆ ಬೇಕಾದವರನ್ನು ಇಟ್ಟುಕೊಳ್ಳುವ ಹಕ್ಕಿದೆ ಎಂದು ಇಂಥ ಮಾತಿಗೆ ಉತ್ತರ ಬರುತ್ತದೆ. ಇರಬಹುದು. ಆದರೆ ಹಕ್ಕು ಇರುವವರು ಅದನ್ನು ತಮ್ಮ ಬಾಯಿಂದಲೇ ಚಲಾಯಿಸಬೇಕು. ‘ನಾನು ಕೊಡುವುದಿಲ್ಲ’ ಎಂದು ಕಾಕೂ 21ರ ರಾತ್ರಿಯೇ ಹೇಳಿದ್ದರೆ ಬೀದರಿನವಳಿಗೆ ಎಂಟು ದಿನ ಉಳಿಯುತ್ತಿತ್ತು, ಇಬ್ಬರು ಹುಡುಗಿಯರು ಬೇರೆ ಮನೆ ನೋಡಬೇಕೋ ಬೇಡವೋ ಎಂದು ಯೋಚಿಸಬಹುದಿತ್ತು. ಅಥವಾ ಆ ಮಾತನ್ನು ತಮ್ಮ ಬಾಯಲ್ಲೇ ಕೇಳಿಸಿಕೊಂಡು ಕಾಕೂ ಒಂದು ಕ್ಷಣ ತಡೆಯುತ್ತಿದ್ದರೋ ಏನೋ. ‘ಅಂತೆ’ ಆ ಅವಕಾಶವನ್ನೂ ಕೊಡುವುದಿಲ್ಲ.

ಬಾಡಿಗೆ ಹಂಚಿಕೊಂಡು ಇರುವವರು ಮಂಚ ಖಾಲಿಯಾಗುವ ಮೊದಲೇ, ಮನೆ ಹಿಡಿಯುವ ದಿನವೇ ಮಾಲೀಕರ ಹತ್ತಿರ ಎರಡು ಮಾತು ಖಚಿತ ಮಾಡಿಕೊಳ್ಳುವುದು ಒಳ್ಳೆಯದು. ನಡುವೆ ಒಬ್ಬರು ಬಿಟ್ಟರೆ ಹೊಸಬರಿಗೆ ಒಪ್ಪಿಗೆ ಕೊಡುವವರು ಯಾರು? ಎಷ್ಟು ದಿನದೊಳಗೆ? ಮಹಾರಾಷ್ಟ್ರದಲ್ಲಿ ಇದನ್ನು ಬರೆಸಲು ಜಾಗವೂ ಇದೆ. 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರು ಬರಹದಲ್ಲಿರಬೇಕು, ನೋಂದಣಿಯಾಗಬೇಕು, ನೋಂದಣಿ ಮಾಡಿಸುವ ಹೊಣೆ ಮಾಲೀಕರದು. ಹನ್ನೊಂದು ತಿಂಗಳಿಗೆ ಬರೆದರೆ ನೋಂದಣಿ ಬೇಡ ಎಂಬ ನಂಬಿಕೆ ಅಲ್ಲಿ ನಡೆಯುವುದಿಲ್ಲ. ಹೇಗೂ ಬರೆಯುವ ಕಾಗದದಲ್ಲಿ ಇನ್ನೆರಡು ಸಾಲು ಹೆಚ್ಚಾದರೆ ಯಾರಿಗೂ ನಷ್ಟವಿಲ್ಲ.

ಹಾಸನದವಳ ಓದು 2015ರ ಮೇ ತಿಂಗಳಲ್ಲಿ ಮುಗಿಯಿತು. ಈ ಸಲ ಖಾಲಿಯಾಗುವುದು ಅವಳದೇ ಮಂಚ. ಚೀಟಿ ಬರೆಯುವ ಮೊದಲು ಅವಳು ಕಾಕೂ ಹತ್ತಿರ ಹೋಗಿ, ‘ಈ ಸಲ ಬೇಡ ಅನ್ನೋದಿದ್ದರೆ ಯಾರು ಅನ್ನೋದು?’ ಎಂದು ಕೇಳಿದಳು. ಕಾಕೂ ತರಕಾರಿ ಹೆಚ್ಚುತ್ತಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನೇ’ ಎಂದರು. ‘ಹಾಗಾದರೆ ಬಂದ ದಿನವೇ ಹೇಳಿಬಿಡಿ ಕಾಕೂ, ಹೌದೋ ಅಲ್ಲವೋ.’ ಕಾಕೂ ಆಗಲಿ ಎಂದರು.

ಸುಗ್ಗಿಯ ಕಾಲ, ಎರಡೇ ದಿನದಲ್ಲಿ ಜನ ಸಿಕ್ಕಿದರು. ಹೊಸಬಳು ಹತ್ತು ಸಾವಿರ ಎಣಿಸಿ ಕೊಟ್ಟಾಗ ಹಾಸನದವಳು ಅವಳಿಗೆ ಒಂದು ಹಾಳೆ ಕೊಟ್ಟಳು. ಅಡುಗೆಮನೆಯ ನಲ್ಲಿ ಮೊದಲಿಂದಲೂ ಸೋರುತ್ತದೆ. ಗೋಡೆಯಲ್ಲಿ ಏಳು ಮೊಳೆ ನಮಗಿಂತ ಹಿಂದಿನವರದು. ಕಿಟಕಿಯ ಒಂದು ಗಾಜು ನಾವು ಬಂದಾಗಲೇ ಬಿರುಕು ಬಿಟ್ಟಿತ್ತು. ಡಿಪಾಸಿಟ್ 30,000 ಮಾಲೀಕರ ಬಳಿ ಇದೆ. ಕೊನೆಯ ಸಾಲು ಹೀಗಿತ್ತು: ಹೊಸಬರು ಬಂದರೆ ಕೇಳಬೇಕಾದ್ದು ಕಾಕೂ ಒಬ್ಬರನ್ನೇ, ಉತ್ತರ ಅದೇ ದಿನ. ಕೆಳಗೆ ಕಾಕೂ ಸಹಿ ಮಾಡಿದ್ದರು.